ಮಸುಕಿನೊಳಗಿನ ಆಳ: ಇಬ್ನುಲ್ ಹೈಸಮ್‌ರ ಸೂಜಿಯಿಂದ ಗಣಕದ ಕಣ್ಣಿನವರೆಗೆ

ಮಗ್ರಿಬ್ ನಮಾಝಿನ ಬಳಿಕ ಮನೆಯ ಹಿರಿಯರು ಓದುವ ಕನ್ನಡಕ ಧರಿಸಿ ಮುಸ್‌ಹಫ್ ತೆರೆಯುವ ದೃಶ್ಯ ನಮಗೆಲ್ಲ ಪರಿಚಿತ. ಪುಟವನ್ನು ಮೊದಲು ತುಸು ಹತ್ತಿರ ಹಿಡಿಯುತ್ತಾರೆ, ಅಕ್ಷರಗಳು ಮಸುಕು. ದೂರ ಸರಿಸುತ್ತಾರೆ, ಹೆಚ್ಚು ದೂರವಾದರೆ ಮತ್ತೆ ಮಸುಕು. ಕೊನೆಗೆ ಕೈ ಒಂದು ಜಾಗದಲ್ಲಿ ನಿಲ್ಲುತ್ತದೆ, ಅಕ್ಷರಗಳು ಸ್ಫುಟವಾಗುತ್ತವೆ, ತಿಲಾವತ್ ಆರಂಭವಾಗುತ್ತದೆ.

ಕೈಯ ಆ ಚಲನೆಯಲ್ಲಿ ಒಂದು ಅಳತೆ ಅಡಗಿದೆ. ಆ ಕನ್ನಡಕದಲ್ಲಿ ಎಷ್ಟು ದೂರದ ಅಕ್ಷರ ಸ್ಫುಟವಾಗಿ ಕಾಣುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ, ಅಳತೆಪಟ್ಟಿಯನ್ನು ಮುಟ್ಟದೆಯೇ ಪುಟದ ದೂರವನ್ನು ಹೇಳಿಬಿಡಬಹುದು. ಇಷ್ಟು ಸರಳವಾದ ಈ ವಿಚಾರವನ್ನೇ ಹಿಡಿದು, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ವಿಜ್ಞಾನಿಗಳು ಗಣಕಯಂತ್ರಕ್ಕೆ ವಸ್ತುಗಳ ಉಬ್ಬುತಗ್ಗುಗಳನ್ನು ಅಳೆಯಲು ಕಲಿಸಿದರು. ಚಪ್ಪಟೆಯಾದ ಚಿತ್ರಗಳಿಂದ ಮೂರು ಆಯಾಮಗಳ ಆಕಾರವನ್ನು ಮರಳಿ ಪಡೆಯುವ ಆ ವಿಧಾನಕ್ಕೆ 'ಫೋಕಸ್‌ನಿಂದ ಆಕಾರ' ಎಂದು ಹೆಸರು. ಅದರ ಇತಿಹಾಸವನ್ನು ಹಿಂದಕ್ಕೆ ಹುಡುಕುತ್ತ ಹೊರಟರೆ ದಾರಿ ಬಸ್ರಾ ಮತ್ತು ಕೈರೋ ನಗರಗಳ ಮೂಲಕ ಹಾದುಹೋಗುತ್ತದೆ.

ಹೀಗೆ ಹೇಳುವಾಗ ಒಂದು ಎಚ್ಚರ ಬೇಕು. 'ಕ್ಯಾಮೆರಾ ಕಂಡುಹಿಡಿದವರು ಮುಸ್ಲಿಮರು, ಆ ಪದವೇ ಅರಬಿಯ ಖಮರಾ ಎಂಬುದರಿಂದ ಬಂದದ್ದು' ಎಂಬ ಸಂದೇಶ ನಮ್ಮ ಮೊಬೈಲ್‌ಗಳಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಮಕ್ಕಳು ಶಾಲೆಯ ಭಾಷಣದಲ್ಲೂ ಅದನ್ನು ಹೇಳುತ್ತಾರೆ. ಅದು ಸರಿಯಲ್ಲ. ಆ ಪದ ಲ್ಯಾಟಿನ್ ಭಾಷೆಯದು. ಅರ್ಥ ಕೋಣೆ, ಅದರ ಮೂಲ ಗ್ರೀಕ್. ಮಸೂರವಿರುವ, ಚಿತ್ರವನ್ನು ಅಚ್ಚೊತ್ತುವ ಯಂತ್ರವನ್ನು ಇಬ್ನುಲ್ ಹೈಸಮ್ ಮಾಡಲಿಲ್ಲ. ಅವರು ನಿಜವಾಗಿ ಮಾಡಿದ ಕೆಲಸ ಇದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಇಲ್ಲದ ಕಿರೀಟವನ್ನು ತೊಡಿಸುವ ಆತುರದಲ್ಲಿ ನಾವು ಇರುವ ಕಿರೀಟವನ್ನು ನೋಡದೆ ಹೋಗುತ್ತಿದ್ದೇವೆ.

ಅಬೂ ಅಲೀ ಅಲ್ ಹಸನ್ ಇಬ್ನುಲ್ ಹೈಸಮ್ ಜನಿಸಿದ್ದು ಹಿಜರಿ 354ರ ಸುಮಾರಿಗೆ, ಅಂದರೆ ಕ್ರಿ.ಶ. 965ರ ಹೊತ್ತಿಗೆ, ಬಸ್ರಾದಲ್ಲಿ. ಅವರ ಬದುಕಿನ ಪ್ರಸಿದ್ಧ ಕಥೆಯನ್ನು ಎರಡು ಶತಮಾನಗಳ ನಂತರ ಇಬ್ನುಲ್ ಖಿಫ್ತೀ ದಾಖಲಿಸಿದ್ದಾರೆ. ನೈಲ್ ನದಿಯ ಏರಿಳಿತವನ್ನು ನಿಯಂತ್ರಿಸಬಹುದೆಂಬ ಅವರ ಮಾತು ಫಾತಿಮೀ ಖಲೀಫ ಅಲ್ ಹಾಕಿಮ್‌ನ ಕಿವಿಗೆ ಬಿತ್ತು. ಖಲೀಫ ಅವರನ್ನು ಈಜಿಪ್ಟಿಗೆ ಕರೆಸಿಕೊಂಡ. ಅವರು ದಕ್ಷಿಣದ ಅಸ್ವಾನ್ ಕಡೆಗೆ ಪಯಣಿಸಿದರು. ದಾರಿಯುದ್ದಕ್ಕೂ ಪ್ರಾಚೀನರು ನಿಲ್ಲಿಸಿದ್ದ ಭವ್ಯ ಕಟ್ಟಡಗಳನ್ನು ಕಂಡು, ಇಷ್ಟು ಬಲ್ಲವರು ನದಿಯನ್ನು ತಡೆಯದೆ ಬಿಟ್ಟಿದ್ದಾರೆಂದರೆ ಆ ಕೆಲಸ ಆಗುವಂಥದ್ದಲ್ಲ ಎಂದು ಮನಗಂಡರು. ಹಿಂದಿರುಗಿ ಸೋಲನ್ನು ಒಪ್ಪಿಕೊಂಡರು. ಯಾವಾಗ ಯಾರ ತಲೆ ತೆಗೆಸುತ್ತಾನೋ ತಿಳಿಯದ ಆ ಖಲೀಫನಿಂದ ಪಾರಾಗಲು ಬುದ್ಧಿಭ್ರಮಣೆಯ ನಟನೆ ಮಾಡಿ ಮನೆಯೊಳಗೆ ಬಂಧಿಯಾಗಿ ಉಳಿದರು. ಹಿಜರಿ 411ರಲ್ಲಿ, ಅಂದರೆ 1021ರಲ್ಲಿ, ಅಲ್ ಹಾಕಿಮ್ ಕಾಣೆಯಾದ ಮೇಲೆಯೇ ಆ ನಟನೆ ಮುಗಿಯಿತು. ಅನಂತರ ಅಲ್ ಅಝ್‌ಹರ್ ಮಸೀದಿಯ ಬಳಿ ನೆಲೆಸಿ, ಯೂಕ್ಲಿಡ್ ಮತ್ತು ಟಾಲೆಮಿಯ ಗ್ರಂಥಗಳನ್ನು ನಕಲು ಮಾಡಿ ಮಾರುತ್ತ ಜೀವನ ಸಾಗಿಸಿದರು. 1040ರ ಸುಮಾರಿಗೆ ತೀರಿಕೊಂಡರು.

ಅವರ 'ಕಿತಾಬುಲ್ ಮನಾಝಿರ್' ಏಳು ಸಂಪುಟಗಳ ಗ್ರಂಥ. ಅದು ಎತ್ತಿಕೊಂಡ ಮೊದಲ ಪ್ರಶ್ನೆ: ನಾವು ಕಾಣುವುದು ಹೇಗೆ? ಯೂಕ್ಲಿಡ್ ಮತ್ತು ಟಾಲೆಮಿ ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದಿದ್ದರು. ಬಗ್ದಾದಿನ ಅಲ್ ಕಿಂದೀ ಕೂಡ ಆ ಪಕ್ಷವನ್ನೇ ಎತ್ತಿಹಿಡಿದಿದ್ದರು. ಇಬ್ನುಲ್ ಹೈಸಮ್ ಒಪ್ಪಲಿಲ್ಲ. ಪ್ರಖರ ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಕಣ್ಣಿನಿಂದ ಏನೋ ಹೊರಹೋಗುವುದರಿಂದ ಆ ನೋವು ಬರಲಾರದು, ಹೊರಗಿನಿಂದ ಏನೋ ಒಳಬಂದಿರಬೇಕು. ಬೆಳಕು ಬಿದ್ದ ಪ್ರತಿಯೊಂದು ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಬೆಳಕು ಎಲ್ಲ ದಿಕ್ಕುಗಳಿಗೆ ಹರಡುತ್ತದೆ, ಅದರಲ್ಲಿ ಒಂದಂಶ ಕಣ್ಣನ್ನು ಹೊಗುತ್ತದೆ ಎಂದು ಅವರು ನಿರೂಪಿಸಿದರು.

ಹೀಗೆ ಹೇಳಿದ್ದೇ ಒಂದು ದೊಡ್ಡ ತೊಡಕು ಎದುರು ನಿಂತಿತು, ಮತ್ತು ಈ ಲೇಖನದ ಗಂಟು ಇರುವುದು ಅಲ್ಲಿಯೇ. ಎದುರಿನ ಗೋಡೆಯ ಮೇಲಿನ ಎಲ್ಲ ಬಿಂದುಗಳಿಂದಲೂ ಎಲ್ಲ ದಿಕ್ಕಿಗೂ ಬೆಳಕು ಹರಡುವುದಾದರೆ, ಕಣ್ಣಿನ ಮೇಲ್ಮೈಯ ಪ್ರತಿಯೊಂದು ಬಿಂದುವಿಗೂ ಗೋಡೆಯ ಎಲ್ಲ ಬಿಂದುಗಳ ಬೆಳಕು ಬಂದು ಬೀಳುತ್ತದೆ. ಎಲ್ಲವೂ ಎಲ್ಲದರೊಡನೆ ಬೆರೆತು ಕಲಸಿಹೋಗಬೇಕು. ಸಂತೆಯಲ್ಲಿ ನೂರು ಜನ ಏಕಕಾಲಕ್ಕೆ ಮಾತನಾಡಿದಂತೆ. ಆದರೂ ನಮಗೆ ಗೋಡೆ ಗೋಡೆಯಾಗಿಯೇ, ಅದರ ಮೇಲಿನ ಬಿರುಕು ಬಿರುಕಾಗಿಯೇ ಕಾಣುತ್ತದೆ. ಹೇಗೆ?

ಅವರ ಉತ್ತರ ಕಿರಣಗಳಲ್ಲಿ ಆಯ್ಕೆ ಮಾಡುವುದು. ಕಣ್ಣಿನ ಮೇಲ್ಮೈಗೆ ಲಂಬವಾಗಿ ಬರುವ ಕಿರಣ ಬಾಗದೆ ನೇರ ಒಳಸಾಗುತ್ತದೆ. ಓರೆಯಾಗಿ ಬರುವುದು ವಕ್ರೀಭವನಗೊಂಡು ಬಲ ಕಳೆದುಕೊಳ್ಳುತ್ತದೆ. ಕಬ್ಬಿಣದ ಗುಂಡನ್ನು ತೆಳುವಾದ ಹಲಗೆಯ ಮೇಲೆ ನೇರವಾಗಿ ಎಸೆದರೆ ಹಲಗೆ ಮುರಿಯುತ್ತದೆ, ಓರೆಯಾಗಿ ಎಸೆದರೆ ಗುಂಡು ಜಾರಿಹೋಗುತ್ತದೆ ಎಂಬ ಹೋಲಿಕೆಯನ್ನು ಅವರು ಕೊಟ್ಟರು. ವಸ್ತುವಿನ ಒಂದೊಂದು ಬಿಂದುವಿನಿಂದ ಒಂದೊಂದೇ ಲಂಬ ಕಿರಣ ಲೆಕ್ಕಕ್ಕೆ ಬರುವುದಾದರೆ ಗೊಂದಲ ತೀರಿತು. ಓರೆ ಕಿರಣಗಳು, ಅಂದರೆ ಬೆಳಕಿನ ಬಹುಪಾಲು, ಲೆಕ್ಕದಿಂದ ಹೊರಬಿದ್ದವು.

ಆದರೆ ತಮ್ಮದೇ ಉತ್ತರದ ಮೇಲೂ ಅವರಿಗೆ ಪೂರ್ಣ ಭರವಸೆ ಇರಲಿಲ್ಲವೆಂದು ತೋರುತ್ತದೆ. ಏಳನೆಯ ಸಂಪುಟದಲ್ಲಿ ಒಂದು ಪ್ರಯೋಗವಿದೆ; ಓದುಗರು ಈ ಕ್ಷಣವೇ ಮಾಡಿ ನೋಡಬಹುದು. ಒಂದು ಕಣ್ಣು ಮುಚ್ಚಿ. ತೆರೆದ ಕಣ್ಣಿನ ಪಾಪೆಯ ಎದುರಿಗೆ, ಜಾಗರೂಕತೆಯಿಂದ, ಒಂದು ತೆಳ್ಳನೆಯ ಸೂಜಿಯನ್ನು ಬಹು ಸಮೀಪ ಅಡ್ಡ ಹಿಡಿಯಿರಿ (ಮಕ್ಕಳಿಗೆ ಸೂಜಿ ಬೇಡ, ಹಂಚಿಕಡ್ಡಿ ಸಾಕು). ಲಂಬ ಕಿರಣಗಳಷ್ಟೇ ಕೆಲಸ ಮಾಡುವುದಾದರೆ ಸೂಜಿಯ ಹಿಂದಿನ ಗೋಡೆಯ ಭಾಗ ಮರೆಯಾಗಬೇಕಿತ್ತು. ಮರೆಯಾಗುವುದಿಲ್ಲ. ಸೂಜಿ ಅಗಲವಾಗಿ, ಪಾರದರ್ಶಕವೋ ಎಂಬಂತೆ ಕಾಣುತ್ತದೆ. ಅದರ ಮೂಲಕವೇ ಗೋಡೆ ಕಾಣುತ್ತದೆ. ಆದ್ದರಿಂದ ಓರೆ ಕಿರಣಗಳಿಗೂ ನೋಟದಲ್ಲಿ ಪಾಲಿದೆ ಎಂದು ಅವರು ಒಪ್ಪಿಕೊಂಡರು. ತಾನು ಕಟ್ಟಿದ ವಾದವನ್ನು ತಾನೇ ಸೂಜಿಯಿಂದ ಚುಚ್ಚಿ ನೋಡುವ ಈ ಗುಣ ಅಪರೂಪದ್ದು.

ಹೀಗೆ ಪರೀಕ್ಷಿಸಿ ನೋಡುವುದಕ್ಕೆ ಅವರು ಬಳಸಿದ ಪದ 'ಇಅತಿಬಾರ್'. ದಖ್ಖನಿ ಮಾತನಾಡುವ ಮನೆಗಳಲ್ಲಿ ಇದೇ ಪದ 'ಏತ್‌ಬಾರ್' ಎಂದಾಗಿ ನಂಬಿಕೆ ಎಂಬ ಅರ್ಥದಲ್ಲಿ ದಿನವೂ ಕೇಳಿಬರುತ್ತದೆ. ಸೂರಃ ಅಲ್ ಹಶ್ರ್‌ನ ಎರಡನೆಯ ವಚನದಲ್ಲಿ ದೃಷ್ಟಿಯುಳ್ಳವರನ್ನು ಕರೆದು ಹೇಳುವಲ್ಲಿ ಬರುವ ಕ್ರಿಯಾಪದವೂ ಇದೇ ಧಾತುವಿನದು. ನಾವು ನಂಬಿಕೆ ಎನ್ನುವಲ್ಲಿ ಅವರು ಪರೀಕ್ಷೆ ಎಂದರು.

ಇನ್ನು ಆಳದ ಪ್ರಶ್ನೆ. ಎದುರಿನ ಮರ ಹತ್ತು ಹೆಜ್ಜೆ ದೂರದಲ್ಲಿದೆ ಎಂಬುದು ಕಣ್ಣಿಗೆ ಹೇಗೆ ತಿಳಿಯುತ್ತದೆ? ಕಣ್ಣಿನಿಂದ ಕಿರಣ ಹೊರಡುತ್ತದೆ ಎಂದವರಿಗೆ ಈ ಪ್ರಶ್ನೆ ಸುಲಭ. ಕಿರಣದ ಉದ್ದವೇ ದೂರ. ಬೆಳಕು ಒಳಬರುತ್ತದೆ ಎಂದ ಕೂಡಲೇ ಪ್ರಶ್ನೆ ಕಠಿಣವಾಯಿತು. ಬಂದ ಬೆಳಕು ತಾನೆಷ್ಟು ದೂರದಿಂದ ಬಂದೆ ಎಂದು ಹೇಳುವುದಿಲ್ಲ. ಎರಡನೆಯ ಸಂಪುಟದಲ್ಲಿ ಇಬ್ನುಲ್ ಹೈಸಮ್ ದೂರ, ಘನತೆ, ಆಕಾರ ಇವುಗಳನ್ನು ಬರಿಯ ಸಂವೇದನೆಯಿಂದ ಅರಿಯಲಾಗದು, ಬುದ್ಧಿಯ ವಿವೇಚನೆ ಮತ್ತು ಹಿಂದಿನ ಅನುಭವ ಅದಕ್ಕೆ ಬೇಕು ಎಂದರು. ವಸ್ತುವಿಗೂ ನಮಗೂ ನಡುವೆ ಸಾಲಾಗಿ ಹಬ್ಬಿದ ನೆಲವೋ ಬೇರೆ ವಸ್ತುಗಳೋ ಕಾಣಬೇಕು, ಆಗಷ್ಟೇ ದೂರದ ಅಂದಾಜು ಸಿಗುತ್ತದೆ. ಬಯಲುಸೀಮೆಯವನಿಗೆ ಮೋಡ ಆಕಾಶಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಬೆಟ್ಟಗಳ ನಡುವೆ ಇರುವವನು ಮೋಡ ಶಿಖರವನ್ನೇ ಮರೆಮಾಡುವುದನ್ನು ನೋಡಿ ಅದೆಷ್ಟು ಕೆಳಗಿದೆ ಎಂದು ತಿಳಿಯುತ್ತಾನೆ. ಒಂದರ ಹಿಂದೆ ಒಂದು ನಿಂತ ಎರಡು ಗೋಡೆಗಳನ್ನು ನಡುವಿನ ನೆಲ ಕಾಣದಂತೆ ಕಿಂಡಿಯೊಂದರ ಮೂಲಕ ನೋಡಿದರೆ, ಎರಡೂ ಒಂದಕ್ಕೊಂದು ತಗುಲಿಕೊಂಡಂತೆ ತೋರುತ್ತವೆ. ಈ ಗೋಡೆಗಳನ್ನು ನೆನಪಿನಲ್ಲಿಡಿ; ಮುಂದೆ ಮತ್ತೆ ಬರುತ್ತವೆ.

ಮಸುಕಿನ ವಿಷಯದಲ್ಲಿ ಅವರ ಇನ್ನೊಂದು ಕೆಲಸವೂ ಇಲ್ಲಿ ಮುಖ್ಯ. ಗ್ರಹಣದ ಆಕಾರವನ್ನು ಕುರಿತ ಕಿರುಗ್ರಂಥದಲ್ಲಿ, ಭಾಗಶಃ ಗ್ರಹಣ ಹಿಡಿದ ಸೂರ್ಯನ ಬೆಳಕು ಸಣ್ಣ ರಂಧ್ರದ ಮೂಲಕ ಹಾದು ಎದುರಿನ ಗೋಡೆಯ ಮೇಲೆ ಬಿದ್ದಾಗ ಕುಡುಗೋಲಿನಂತೆ ಕಾಣುತ್ತದೆ, ರಂಧ್ರ ದೊಡ್ಡದಾದರೆ ಆ ಆಕಾರ ಅಳಿಸಿಹೋಗುತ್ತದೆ, ಏಕೆ ಎಂದು ಅವರು ಕೇಳಿದರು. ಸೂರ್ಯನ ಒಂದೊಂದು ಬಿಂದುವೂ ಗೋಡೆಯ ಮೇಲೆ ರಂಧ್ರದ ಆಕಾರದ ಒಂದು ಬೆಳಕಿನ ತುಣುಕನ್ನು ಚೆಲ್ಲುತ್ತದೆ. ರಂಧ್ರ ಚಿಕ್ಕದಾದರೆ ತುಣುಕುಗಳು ಚಿಕ್ಕವು, ಚಿತ್ರ ಸ್ಫುಟ. ರಂಧ್ರ ಹಿರಿದಾದರೆ ತುಣುಕುಗಳು ಒಂದರ ಮೇಲೊಂದು ಹರಡಿ ಚಿತ್ರವನ್ನು ನುಂಗುತ್ತವೆ. ಮಸುಕು ಎಂಬುದು ಬರಿಯ ಕೊರತೆಯಲ್ಲ, ಅದಕ್ಕೆ ಗಾತ್ರವಿದೆ, ಆ ಗಾತ್ರಕ್ಕೆ ಲೆಕ್ಕವಿದೆ ಎಂಬುದು ಇಲ್ಲಿ ಗಣಿತವಾಗಿ ಮೂಡಿತು.

ಅವರಿಗಿಂತ ಮೊದಲೇ, 984ರ ಸುಮಾರಿಗೆ, ಬಗ್ದಾದಿನಲ್ಲಿ ಇಬ್ನು ಸಹ್ಲ್ ಸಮಾಂತರ ಕಿರಣಗಳನ್ನು ಒಂದೇ ಬಿಂದುವಿಗೆ ತಂದು ಸುಡುವ ಮಸೂರಗಳ ಜ್ಯಾಮಿತಿಯನ್ನು ಬರೆದಿದ್ದರು. ಚದುರಿಹೋಗಿದ್ದ ಆ ಹಸ್ತಪ್ರತಿಯನ್ನು ಜೋಡಿಸಿ ಅದರಲ್ಲಿ ವಕ್ರೀಭವನದ ನಿಯಮವೇ ಇದೆಯೆಂದು ರುಶ್ದೀ ರಾಶಿದ್ 1990ರಲ್ಲಿ ಪ್ರಕಟಿಸಿದರು. ಇಬ್ನುಲ್ ಹೈಸಮ್‌ರಿಗೆ ಇಬ್ನು ಸಹ್ಲ್‌ರ ಬರಹಗಳು ತಿಳಿದಿದ್ದವು. ಬೆಳಕನ್ನು ಒಂದು ಬಿಂದುವಿನಲ್ಲಿ ಕೂಡಿಸುವ ವಿದ್ಯೆ ಒಂದು ಕೈಯಲ್ಲಿ, ಕಣ್ಣಿನ ಗೊಂದಲದ ಪ್ರಶ್ನೆ ಇನ್ನೊಂದು ಕೈಯಲ್ಲಿ. ಎರಡೂ ಕೈಗಳು ಆಗ ಕೂಡಲಿಲ್ಲ.

ಗ್ರಂಥ ಎರಡು ದಾರಿಗಳಲ್ಲಿ ಮುಂದೆ ಸಾಗಿತು. ಪೂರ್ವದಲ್ಲಿ ಕಮಾಲುದ್ದೀನ್ ಅಲ್ ಫಾರಿಸೀ ಅದಕ್ಕೆ 'ತನ್‌ಖೀಹುಲ್ ಮನಾಝಿರ್' ಎಂಬ ವಿಸ್ತೃತ ವ್ಯಾಖ್ಯಾನ ಬರೆದರು. ನೀರು ತುಂಬಿದ ಗಾಜಿನ ಗೋಳದಿಂದ ಕಾಮನಬಿಲ್ಲನ್ನು ವಿವರಿಸಿದವರು ಇವರೇ. ಆ ವ್ಯಾಖ್ಯಾನವನ್ನು 1928ರಿಂದ 1930ರ ನಡುವೆ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿದ್ದು ಹೈದರಾಬಾದಿನ ದಾಇರತುಲ್ ಮಆರಿಫ್. ಆಗ ಬೀದರ್, ಕಲಬುರಗಿ, ರಾಯಚೂರು ಆ ಸಂಸ್ಥಾನದೊಳಗಿನ ಜಿಲ್ಲೆಗಳಾಗಿದ್ದವೆಂಬುದನ್ನು ನೆನೆದರೆ ಗ್ರಂಥ ನಮ್ಮ ಹಿತ್ತಲವರೆಗೂ ಬಂದಿತ್ತು ಎನ್ನಬಹುದು. ಪಶ್ಚಿಮದಲ್ಲಿ ಅದು ಲ್ಯಾಟಿನ್‌ಗೆ ಅನುವಾದಗೊಂಡಿತು, ಪೋಲೆಂಡಿನ ವಿಟೆಲೋ ಅದನ್ನಾಧರಿಸಿ ದೊಡ್ಡ ಗ್ರಂಥ ಬರೆದ, 1572ರಲ್ಲಿ ಫ್ರೆಡ್ರಿಕ್ ರಿಸ್ನರ್ ಎರಡನ್ನೂ ಒಟ್ಟಿಗೆ ಬಾಸೆಲ್‌ನಲ್ಲಿ ಮುದ್ರಿಸಿದ.

1604ರಲ್ಲಿ ಯೋಹಾನೆಸ್ ಕೆಪ್ಲರ್ ಬರೆದ ಗ್ರಂಥದ ಹೆಸರೇ 'ವಿಟೆಲೋಗೆ ಅನುಬಂಧ' ಎಂಬರ್ಥದ್ದು. ಇಬ್ನುಲ್ ಹೈಸಮ್ ಕೈಬಿಟ್ಟಿದ್ದ ಓರೆ ಕಿರಣಗಳನ್ನು ಕೆಪ್ಲರ್ ಹಿಡಿದು ತಂದ. ಬಿಂದುವಿನಿಂದ ಹೊರಟು ಪಾಪೆಯ ತುಂಬ ಹರಡುವ ಕಿರಣಗಳ ಇಡೀ ಶಂಕುವನ್ನು ಕಣ್ಣಿನ ಮಸೂರ ಬಾಗಿಸಿ, ಹಿಂಬದಿಯ ಅಕ್ಷಿಪಟದ ಮೇಲೆ ಮತ್ತೆ ಒಂದೇ ಬಿಂದುವಾಗಿ ಕೂಡಿಸುತ್ತದೆ ಎಂದ. ಯಾವ ಕಿರಣವನ್ನೂ ತಳ್ಳಿಹಾಕಬೇಕಿಲ್ಲ. ಎಲ್ಲವೂ ಒಂದೆಡೆ ಸೇರುತ್ತವೆ. ಆರುನೂರು ವರ್ಷಗಳ ಗಂಟು ಬಿಚ್ಚಿತು. ಗಣಿತಕ್ಕೆ 'ಫೋಕಸ್' ಎಂಬ ಪದವನ್ನು ತಂದವನೂ ಕೆಪ್ಲರನೇ. ಲ್ಯಾಟಿನ್‌ನಲ್ಲಿ ಅದರ ಅರ್ಥ ಒಲೆ.

ಆದರೆ ಕೆಪ್ಲರನ ಉತ್ತರದೊಳಗೆ ಒಂದು ಷರತ್ತಿದೆ. ಕಿರಣಗಳು ಅಕ್ಷಿಪಟದ ಮೇಲೆಯೇ ಕೂಡುವುದು ವಸ್ತು ಒಂದು ನಿರ್ದಿಷ್ಟ ದೂರದಲ್ಲಿದ್ದಾಗ ಮಾತ್ರ. ಹತ್ತಿರದ ಬಿಂದುವಿನ ಕಿರಣಗಳು ಪಟದ ಹಿಂದೆ ಕೂಡಲು ಹೊರಡುತ್ತವೆ, ದೂರದವು ಪಟಕ್ಕಿಂತ ಮುಂದೆಯೇ ಕೂಡಿ ಮತ್ತೆ ಚದುರುತ್ತವೆ. ಎರಡೂ ಸಂದರ್ಭಗಳಲ್ಲಿ ಪಟದ ಮೇಲೆ ಬೀಳುವುದು ಬಿಂದುವಲ್ಲ, ಒಂದು ಬೆಳಕಿನ ಬಿಲ್ಲೆ. ಕಣ್ಣಿಗೆ ತೀರಾ ಹತ್ತಿರವಿದ್ದ ಆ ಸೂಜಿ ಅಗಲವಾಗಿ ಪಾರದರ್ಶಕವಾಗಿ ಕಂಡದ್ದು ಇದೇ ಕಾರಣಕ್ಕೆ. ಬಿಲ್ಲೆಯ ಗಾತ್ರ ದೂರವನ್ನು ಅವಲಂಬಿಸಿದೆ. ಹಾಗಾದರೆ ಬಿಲ್ಲೆಯನ್ನು ಅಳೆದು ದೂರವನ್ನು ಹೇಳಬಹುದಲ್ಲವೇ? ಒಳಬಂದ ಬೆಳಕು ತಾನೆಷ್ಟು ದೂರದಿಂದ ಬಂದೆನೆಂದು ಹೇಳುವುದಿಲ್ಲ ಎಂದುಕೊಂಡಿದ್ದೆವು. ಹೇಳುತ್ತದೆ, ಮಸುಕಿನ ಭಾಷೆಯಲ್ಲಿ.

ಆ ಭಾಷೆಯನ್ನು ಓದಲು ಯಂತ್ರಗಳು ಬರಬೇಕಾಯಿತು. 1968ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬರ್ತೋಲ್ಡ್ ಹಾರ್ನ್ ಗಣಕದಿಂದ ಫೋಕಸ್ ಮಾಡಿಸುವ ಬಗ್ಗೆ ಬರೆದರು. 1987ರಲ್ಲಿ ಅಲೆಕ್ಸ್ ಪೆಂಟ್‌ಲ್ಯಾಂಡ್ ಮಸುಕಿನ ಪ್ರಮಾಣದಿಂದಲೇ ಆಳವನ್ನು ಲೆಕ್ಕಹಾಕಬಹುದೆಂದು ತೋರಿಸಿದರು. ಇತ್ತ ರಾಂಚಿಯ ಬಿರ್ಲಾ ತಾಂತ್ರಿಕ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಶ್ರೀ ನಾಯರ್ ಮತ್ತು ಜಪಾನಿನ ಯಾಸುಒ ನಕಾಗಾವಾ 1994ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಧಾನವನ್ನು ಸೂಕ್ಷ್ಮದರ್ಶಕದಡಿ ತಂತಾನೇ ನಡೆಯುವ ವ್ಯವಸ್ಥೆಯಾಗಿ ನಿಲ್ಲಿಸಿತು.

ಅದು ಕೆಲಸ ಮಾಡುವ ಬಗೆಯನ್ನು ಒಂದು ರೂಪಾಯಿ ನಾಣ್ಯದಿಂದ ತಿಳಿಯಬಹುದು. ನಾಣ್ಯವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಉಬ್ಬಿದ ಅಂಕಿ ಸ್ಫುಟವಾಗಿರುವಾಗ ಹಿನ್ನೆಲೆ ಮಸುಕು. ಹಿನ್ನೆಲೆ ಸ್ಫುಟವಾದಾಗ ಅಂಕಿ ಮಸುಕು. ಈಗ ನಾಣ್ಯವನ್ನು ಕೂದಲೆಳೆಯಷ್ಟು ಮೇಲೆತ್ತುತ್ತ ಒಂದೊಂದು ಹೆಜ್ಜೆಗೂ ಒಂದು ಚಿತ್ರ ತೆಗೆಯಬೇಕು. ಚಿತ್ರಗಳ ಒಂದು ಕಟ್ಟು ಸಿದ್ಧವಾಗುತ್ತದೆ. ಬಳಿಕ ಗಣಕ ಒಂದೊಂದು ಪಿಕ್ಸೆಲ್‌ನ ಬಳಿಯೂ ನಿಂತು, ಈ ಜಾಗ ಕಟ್ಟಿನ ಯಾವ ಚಿತ್ರದಲ್ಲಿ ಅತ್ಯಂತ ಸ್ಫುಟವಾಗಿದೆ ಎಂದು ಕೇಳುತ್ತದೆ. ಆ ಚಿತ್ರ ತೆಗೆದಾಗ ನಾಣ್ಯ ಎಷ್ಟು ಮೇಲಿತ್ತೆಂಬುದು ಗೊತ್ತಿರುವುದರಿಂದ ಆ ಬಿಂದುವಿನ ಎತ್ತರ ತಾನಾಗಿ ಸಿಗುತ್ತದೆ. ಮುಸ್‌ಹಫ್ ಹಿಡಿದ ಹಿರಿಯರ ಕೈ ಮಾಡಿದ್ದೂ ಇದನ್ನೇ. ಇಲ್ಲಿ ಲಕ್ಷಾಂತರ ಬಿಂದುಗಳಿಗೆ ಪ್ರತ್ಯೇಕವಾಗಿ ನಡೆಯುತ್ತದೆ.

ಸ್ಫುಟತೆಯನ್ನು ಅಳೆಯುವುದು ಹೇಗೆಂಬುದೇ ಇದರ ಕಸುಬು. ಸ್ಫುಟ ಚಿತ್ರದಲ್ಲಿ ನೆರೆಹೊರೆಯ ಪಿಕ್ಸೆಲ್‌ಗಳ ಬೆಳಕು ಥಟ್ಟನೆ ಏರಿಳಿಯುತ್ತದೆ. ಮಸುಕಿನಲ್ಲಿ ಆ ಏರಿಳಿತ ಸವೆದುಹೋಗಿರುತ್ತದೆ. ಅಡ್ಡ ದಿಕ್ಕಿನ ಏರಿಳಿತವನ್ನೂ ಉದ್ದ ದಿಕ್ಕಿನದನ್ನೂ ಹಾಗೆಯೇ ಕೂಡಿಸಿದರೆ, ಒಂದು ಧನ ಇನ್ನೊಂದು ಋಣವಾಗಿ ಪರಸ್ಪರ ಅಳಿಸಿಕೊಳ್ಳುವ ಅಪಾಯವಿದೆ. ನಾಯರ್ ಪ್ರತಿಯೊಂದರ ಚಿಹ್ನೆಯನ್ನು ತೆಗೆದುಹಾಕಿ ಪರಿಮಾಣಗಳನ್ನಷ್ಟೇ ಕೂಡಿಸಿದರು. ಎರಡು ಹೆಜ್ಜೆಗಳ ನಡುವೆ ಎಲ್ಲೋ ಇರುವ ನಿಜವಾದ ಶಿಖರವನ್ನು, ಸ್ಫುಟತೆ ಅತಿ ಹೆಚ್ಚಿದ್ದ ಜಾಗದ ಆಚೀಚಿನ ಅಳತೆಗಳ ಮೂಲಕ ಗಂಟೆಯಾಕಾರದ ಒಂದು ರೇಖೆ ಹಾಯಿಸಿ ಅಂದಾಜಿಸಿದರು.

1995ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಮುರಳಿ ಸುಬ್ಬರಾವ್ ಮತ್ತು ಟೇ ಚೋಯ್ ಒಂದು ತಿದ್ದುಪಡಿ ತಂದರು. ಹಿಂದಿನ ವಿಧಾನ ಪ್ರತಿಯೊಂದು ಸಣ್ಣ ತುಣುಕನ್ನೂ ಮಸೂರಕ್ಕೆ ಎದುರಾಗಿ ನಿಂತ ಚಪ್ಪಟೆ ಹಲಗೆ ಎಂದು ಭಾವಿಸುತ್ತದೆ. ಇಳಿಜಾರಿನ ಮೇಲ್ಮೈಯಲ್ಲಿ ಅದು ತಪ್ಪುತ್ತದೆ. ವಸ್ತುವಿನ ಪ್ರತಿಯೊಂದು ಬಿಂದುವೂ ಮಸೂರದ ಹಿಂದೆ ಎಲ್ಲೋ ಒಂದೆಡೆ ಸ್ಫುಟವಾಗಿ ಕೂಡಲೇಬೇಕು. ಆ ಬಿಂದುಗಳೆಲ್ಲ ಸೇರಿ ಗಾಳಿಯಲ್ಲಿ ಒಂದು ಬಾಗಿದ ಮೇಲ್ಮೈಯನ್ನು ರೂಪಿಸುತ್ತವೆ, ಅದು ವಸ್ತುವಿನ ಆಕಾರಕ್ಕೆ ಒಂದಕ್ಕೊಂದು ಸರಿಹೊಂದುತ್ತದೆ. ಚಿತ್ರಗಳ ಕಟ್ಟಿನೊಳಗೆ ಆ ಬಾಗಿದ ಮೇಲ್ಮೈಯನ್ನೇ ಹುಡುಕಬೇಕೆಂದು ಅವರು ಹೇಳಿದರು. ಇಡೀ ಕಟ್ಟಿನ ಬದಲು ಎರಡು ಮೂರು ಮಸುಕು ಚಿತ್ರಗಳಿಂದಲೇ ಆಳ ಪಡೆಯುವ ಸೋದರ ವಿದ್ಯೆಯ ಬಗ್ಗೆ ಸುಭಾಸಿಸ್ ಚೌಧುರಿ ಮತ್ತು ಎ. ಎನ್. ರಾಜಗೋಪಾಲನ್ 1999ರಲ್ಲಿ ಒಂದು ಗ್ರಂಥವನ್ನೇ ತಂದರು.

ಇಲ್ಲಿ ಗ್ರಹಣದ ರಂಧ್ರ ಮತ್ತೆ ಎದುರಾಗುತ್ತದೆ, ಆದರೆ ತಲೆಕೆಳಗಾಗಿ. ಮಸೂರದ ಬಾಯಿ ಕಿರಿದಾಗಿದ್ದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಫುಟವಾಗಿ ಕಾಣುತ್ತವೆ. ನೋಡಲು ಚೆಂದ, ಆಳದ ಸುಳಿವು ಮಾತ್ರ ಇಲ್ಲ. ಬಾಯಿ ಹಿರಿದಾದಷ್ಟೂ ತುಸು ಆಚೀಚೆಯಾದದ್ದೂ ಮಸುಕಾಗುತ್ತದೆ, ಅಳತೆ ನಿಖರವಾಗುತ್ತದೆ. ಇಬ್ನುಲ್ ಹೈಸಮ್‌ರ ಗೋಡೆಯ ಮೇಲಿನ ಕುಡುಗೋಲನ್ನು ನುಂಗಿದ ಅಗಲ ರಂಧ್ರವೇ ಈ ಯಂತ್ರಕ್ಕೆ ಬೇಕಾದದ್ದು.

ಆ ಎರಡು ಗೋಡೆಗಳ ವಿಷಯ ಬಾಕಿ ಇದೆ. ನೆಲ ಮರೆಯಾಗಿದ್ದರೂ ಈ ಯಂತ್ರ ಅವುಗಳ ದೂರವನ್ನು ಬೇರೆ ಬೇರೆಯಾಗಿ ಹೇಳಬಲ್ಲದು, ಗೋಡೆಗಳ ಮೇಲೆ ಬಿರುಕೋ ಕಲೆಯೋ ಏನಾದರೂ ಇದ್ದರೆ. ನುಣುಪಾಗಿ ಸುಣ್ಣ ಬಳಿದ ಖಾಲಿ ಗೋಡೆಯಾದರೆ ಯಂತ್ರವೂ ಸೋಲುತ್ತದೆ. ಖಾಲಿ ಬಿಳುಪು ಮಸುಕಾದರೂ ಖಾಲಿ ಬಿಳುಪೇ. ಸ್ಫುಟತೆಯ ಶಿಖರ ಎಲ್ಲಿಯೂ ಏಳುವುದಿಲ್ಲ. ಇದಕ್ಕೆ ಮಿನೋರಿ ನೊಗುಚಿ ಮತ್ತು ನಾಯರ್ 1994ರಲ್ಲಿ ಕಂಡುಕೊಂಡ ಉಪಾಯ ವಿಚಿತ್ರವಾದುದು. ನುಣುಪಾದ ವಸ್ತುವಿನ ಮೇಲೆ ಯಂತ್ರದ ಕಡೆಯಿಂದಲೇ ಸಣ್ಣ ಸಣ್ಣ ಚೌಕಗಳ ಬೆಳಕಿನ ವಿನ್ಯಾಸವೊಂದನ್ನು ಚೆಲ್ಲಿ, ಅದರ ಸ್ಫುಟತೆಯನ್ನು ಓದುವುದು. ಮುಂದಿನ ವರ್ಷಗಳಲ್ಲಿ ಇದೇ ತತ್ವದ ಮೇಲೆ ಸೆಕೆಂಡಿಗೆ 30 ಬಾರಿ ಆಳದ ನಕ್ಷೆ ಕೊಡುವ ಸಾಧನವನ್ನೂ ನಾಯರ್ ಮತ್ತು ಸಂಗಡಿಗರು ಕಟ್ಟಿದರು. ಅದರಲ್ಲಿ ಬೆಳಕು ಹೊರಹೋಗುವುದೂ ಒಳಬರುವುದೂ ಒಂದೇ ಮಸೂರದ ಮೂಲಕ.

ಕಣ್ಣಿನಿಂದ ಕಿರಣ ಹೊರಡುತ್ತದೆ ಎಂದ ಯೂಕ್ಲಿಡ್ ಇದನ್ನು ನೋಡಿದ್ದರೆ ತನ್ನ ಮಾತೇ ಗೆದ್ದಿತು ಎನ್ನುತ್ತಿದ್ದನೋ ಏನೋ. ಆದರೆ ಹೊರಹೋದ ಬೆಳಕು ಆ ಯಂತ್ರಕ್ಕೆ ಏನನ್ನೂ ತಿಳಿಸುವುದಿಲ್ಲ. ಅದು ವಸ್ತುವಿನ ಒಂದೊಂದು ಬಿಂದುವಿನಿಂದ ಮತ್ತೆ ಎಲ್ಲ ದಿಕ್ಕಿಗೂ ಹರಡಿ, ಅದರಲ್ಲಿ ಒಂದಂಶ ಮಸೂರವನ್ನು ಹೊಕ್ಕು, ಬಿಂದುವಾಗಿಯೋ ಬಿಲ್ಲೆಯಾಗಿಯೋ ಪಟದ ಮೇಲೆ ಬಿದ್ದ ಮೇಲೆಯೇ ಲೆಕ್ಕ ಶುರುವಾಗುವುದು.